ಕಂದು ಗೆರೆ ಇಲ್ಲದ ಸ್ಲೈಡು

ಕಲಬುರಗಿಯ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿ, 4 ಮೈಕ್ರಾನ್ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ಮೇ ತಿಂಗಳಲ್ಲಿ ಐಸ್ ಮೇಲೆ ಇಟ್ಟು ಇಟ್ಟು ಕತ್ತರಿಸಬೇಕು. ನಮ್ಮೂರ ಬಿಸಿಲಿಗೆ ಮೇಣವೂ ಸೋಲುತ್ತದೆ.

ಮೊನ್ನೆಯದು ಸ್ತನದ ಬಯಾಪ್ಸಿ. ಆ ತಾಯಿ ಕೌಂಟರಿನಲ್ಲಿ ಹೇಳಿದ್ದು ನೆನಪಿದೆ: "ಗಡ್ಡಿ ಏನೂ ಇಲ್ರಿ, ಬರೇ ಬಿರಸ ಆಗ್ಯಾದ."

ಡಾಕ್ಟರ್ ಇ-ಕ್ಯಾಡ್ಹೆರಿನ್ ತೋರಿಸುವ ಬಣ್ಣ ಹಾಕಲು ಹೇಳಿದರು. ಇದು ಕೋಶದ ಮೈಮೇಲಿನ ಪ್ರೋಟೀನು. ಪಕ್ಕದ ಕೋಶದ ಇಂಥದ್ದೇ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕು. ಹೆಸರಿಟ್ಟ ಜಪಾನಿನ ವಿಜ್ಞಾನಿ ಮಸಾತೋಶಿ ತಾಕೆಯಿಚಿ ಅದರ ಹೆಸರಿನಲ್ಲೇ ಕ್ಯಾಲ್ಸಿಯಂ ಸೇರಿಸಿದರು, 'ಕ್ಯಾಡ್ಹೆರಿನ್'ನ 'ಕ್ಯಾ' ಅದೇ. ಬಣ್ಣ ಹಿಡಿದರೆ ಪ್ರತಿ ಕೋಶದ ಸುತ್ತ ಕಂದು ಗೆರೆ ಕಾಣುತ್ತದೆ, ನಮ್ಮ ಮನೆಯ ಶಹಾಬಾದ್ ಫರಸಿಯ ಸಂದಿಗಳ ಹಾಗೆ.

ಇದರಲ್ಲಿ ಗೆರೆಯೇ ಇಲ್ಲ! ನನ್ನದೇ ತಪ್ಪು ಅಂದುಕೊಂಡೆ. ಹಿಂದೊಮ್ಮೆ ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಯ ಹನಿ ಹಾಕುವುದನ್ನೇ ಮರೆತು ಬೈಸಿಕೊಂಡವಳು ನಾನು. ಆದರೆ ಅದೇ ಸ್ಲೈಡಿನ ಮೂಲೆಯಲ್ಲಿ ಒಂದು ಆರೋಗ್ಯದ ಹಾಲಿನ ನಾಳ ಇತ್ತು. ಅದಕ್ಕೆ ಕಂದು ಗೆರೆ ಚೆನ್ನಾಗಿಯೇ ಹಿಡಿದಿತ್ತು. ಅಂದರೆ ಬಣ್ಣ ಸರಿ ಇದೆ, ಕೋಶಗಳ ಅಂಟೇ ಹೋಗಿದೆ. ಅವು ಇರುವೆ ಸಾಲಿನಂತೆ ಒಂದರ ಹಿಂದೊಂದು ಹೊರಟಿದ್ದವು. ಲೋಬ್ಯುಲಾರ್ ಕ್ಯಾನ್ಸರ್, ಸ್ತನ ಕ್ಯಾನ್ಸರಿನ ಒಂದು ಬಗೆ. ಗುಂಪು ಕಟ್ಟುವುದಿಲ್ಲ, ಹಾಗಾಗಿ ಎಷ್ಟೋ ಸಲ ಗಡ್ಡೆ ಕೈಗೆ ಸಿಗುವುದಿಲ್ಲ, ಮ್ಯಾಮೊಗ್ರಾಮ್ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ.

ಅಂಟು ಬಿಟ್ಟರೆ ಹರಡುತ್ತದೆ, ಅಂಟಿದ್ದರೆ ಹರಡಲ್ಲ ಅಂತ ಬಹಳ ದಿನ ನಂಬಿದ್ದೆ. ಸುಲಭದ ಲೆಕ್ಕ ಅಲ್ವಾ? ಡಾಕ್ಟರ್ ನಕ್ಕು ಇನ್ನೊಂದು ಸ್ಲೈಡ್ ತೋರಿಸಿದರು. ಜಾಸ್ತಿ ಜನರಲ್ಲಿ ಕಾಣುವ ಇನ್ನೊಂದು ಬಗೆ, ಡಕ್ಟಲ್ ಕ್ಯಾನ್ಸರ್ ಅದು. ಕಂಕುಳ ದುಗ್ಧಗ್ರಂಥಿಗೆ ಆಗಲೇ ಮುಟ್ಟಿತ್ತು, ಅಲ್ಲೂ ಕಂದು ಗೆರೆ ಗಟ್ಟಿಯಾಗಿತ್ತು! ಇವು ಕೈ ಬಿಡದೆ ಗುಂಪಾಗಿ ಪ್ರಯಾಣ ಮಾಡಬಲ್ಲವು. ಲೋಬ್ಯುಲಾರ್ ಮಾತ್ರ ಹೊಟ್ಟೆಯ ಒಳಪೊರೆ, ಜಠರ, ಅಂಡಾಶಯದ ಕಡೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಹೋಗುವ ರೀತಿ ಬೇರೆ, ಹಿಡಿಯುವ ದಾರಿಯೂ ಬೇರೆ. ನನ್ನ ಫರಸಿ ಹೋಲಿಕೆ ಅಲ್ಲಿಗೆ ಮುಗಿಯಿತು.

ಸಂಜೆ ರಿಪೋರ್ಟಿಗೆ ಆ ತಾಯಿಯ ಮಗ ಬಂದಿದ್ದ.

"ಗಡ್ಡೀನೇ ಇಲ್ಲ ಅಂದ್ರ ಸಣ್ಣದೇ ಇರಬೇಕಲ್ರೀ ಅಕ್ಕಾರ?"

"ಡಾಕ್ಟರ್ ಹೇಳ್ತಾರ್ರಿ" ಅಂದೆ. ಲಕೋಟೆ ಕೊಡುವಾಗ ಅವನ ಮುಖ ನೋಡಲಿಲ್ಲ.