ಕ್ರಿ.ಶ. 138ರ ರೋಮನ್ ಸೈನಿಕ ಟ್ಯೂನಿಕ್: ತೂಕದ ಲೆಕ್ಕದಿಂದ ಹಾಸಿನವರೆಗೆ

ಈಜಿಪ್ಟಿನ ಫಿಲಡೆಲ್ಫಿಯಾದ ನೇಕಾರರಿಗೆ ಕ್ರಿ.ಶ. 138ರಲ್ಲಿ ಬಂದ ಆರ್ಡರ್ ಒಂದು ಪಪೈರಸ್ (ಜೊಂಡಿನ ಕಾಗದ) ಮೇಲೆ ಉಳಿದಿದೆ. ಈಗಿನ ಟರ್ಕಿಯಲ್ಲಿರುವ ಕಪ್ಪಡೋಕಿಯಾದ ಸೈನ್ಯಕ್ಕೆ ಬೇಕಾಗಿದ್ದದ್ದು ನಡುಪಟ್ಟಿಯ ಬಿಳಿ ಟ್ಯೂನಿಕ್ (ಸಡಿಲ ನಿಲುವಂಗಿ) ಒಂದು: ಉದ್ದ 3½ ಮೊಳ, ಅಗಲ 3 ಮೊಳ 4 ಬೆರಳು, ತೂಕ 3¾ ಮಿನಾ (ಆ ಕಾಲದ ತೂಕದ ಅಳತೆ). ಜೊತೆಗೆ 6×4 ಮೊಳದ ನಾಲ್ಕು ಸಿರಿಯನ್ ಮೇಲುಹೊದಿಕೆ, ತೂಕ ತಲಾ 3¾ ಮಿನಾ. ಸಿನಿಮಾದ ಕೆಂಪು ಅಂಗಿ ಇಲ್ಲೆಲ್ಲೂ ಇಲ್ಲ. ನಯವಾದ, ಕೊಳೆಯಿಲ್ಲದ ಅಚ್ಚ ಬಿಳಿ ಉಣ್ಣೆಯೇ ಆಗಬೇಕು ಎಂಬ ಷರತ್ತಿದೆ.

ಆ ಟ್ಯೂನಿಕ್ ಅನ್ನು ಮತ್ತೆ ನೇಯುವ ನಮ್ಮ ಈ ಪ್ರಾಜೆಕ್ಟ್ ನಿಂತಿರುವುದು ಆ ತೂಕದ ಮೇಲೆ. ಮೊಳಕ್ಕೆ 44.5 ಸೆಂ.ಮೀ., ಮಿನಾಗೆ 430 ಗ್ರಾಂ ಹಿಡಿದರೆ ಟ್ಯೂನಿಕ್ ಸುಮಾರು 155×140 ಸೆಂ.ಮೀ., 1.6 ಕೆ.ಜಿ. ಅಷ್ಟೂ ತೂಕ ಒಂದೇ ಹಾಳೆಯದಾದರೆ ಚದರ ಮೀಟರಿಗೆ 737 ಗ್ರಾಂ. ಅದು ಅಂಗಿಯಲ್ಲ, ಜಮಖಾನೆ. ಎದೆಗೊಂದು, ಬೆನ್ನಿಗೊಂದು ಹಾಳೆ ಎಂದರೆ 369 ಗ್ರಾಂ. ಮೇಲುಹೊದಿಕೆಯ ಲೆಕ್ಕವೂ 340 ಗ್ರಾಂ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಕೊಟ್ಟ ಅಳತೆ ಒಂದು ಹಾಳೆಯದು, ತೂಕ ಎರಡೂ ಹಾಳೆಯದು. ರೋಮನ್ನರ ವಿರುದ್ಧ ಯಹೂದಿಗಳು ಎದ್ದ ಬಾರ್ ಕೊಖ್ಬಾ ದಂಗೆಯ (132–135) ಕಾಲದ ನಹಲ್ ಹೆವೆರ್ ಗುಹೆಯಲ್ಲಿ ಸಿಕ್ಕ ಟ್ಯೂನಿಕ್‌ಗಳೂ ಎರಡು ಹಾಳೆಯವೇ.

ಆ ಅಂಗಿಗಳಲ್ಲಿ ಹಾಸು (ಮಗ್ಗಕ್ಕೆ ಬಿಗಿದ ಎಳೆ) ಅಡ್ಡಕ್ಕೆ, ಹೊಕ್ಕು (ಅದರ ನಡುವೆ ಹಾಯಿಸುವ ಎಳೆ) ಮೇಲಿಂದ ಕೆಳಕ್ಕೆ. ಮಗ್ಗದಿಂದ ಇಳಿಸಿದ ಹಾಳೆಯನ್ನು ಕಾಲುಸುತ್ತು ತಿರುಗಿಸಿ ಹೊಲಿಯುತ್ತಿದ್ದರು. ಪಪೈರಸ್ಸಿನ ‘ಉದ್ದ’ವನ್ನು ಹಾಸಿನ ಉದ್ದವೆಂದೇ ಓದಿದ್ದೇವೆ. ಹಾಗಾಗಿ ತೊಟ್ಟಾಗ ಅಗಲ 155, ಭುಜದಿಂದ ಕೆಳಗಂಚಿಗೆ 140. ಪಟ್ಟಿ ಬಿಗಿದು ಹೆಚ್ಚಿನ ಬಟ್ಟೆಯನ್ನು ಅದರ ಮೇಲೆ ಎಳೆದು ಬಿಟ್ಟರೆ ಅಂಚು ಮೊಣಕಾಲಿಗೆ ಬರುತ್ತದೆ.

ನೂಲಿನ ಲೆಕ್ಕ: ತುಳಿತದಲ್ಲಿ (ನೇಯ್ದ ಬಟ್ಟೆಯನ್ನು ಸಾಬೂನು ನೀರಿನಲ್ಲಿ ತುಳಿಯುವಾಗ) ಶೇ. 10 ಕುಗ್ಗುತ್ತದೆಂದು ಮಗ್ಗದ ಮೇಲೆ ಅಗಲ 155, ಪ್ರತಿ ಹಾಳೆ 172 ಸೆಂ.ಮೀ. ಸೆಂ.ಮೀ.ಗೆ 9 ಹಾಸು, ಅಂದರೆ ಸುಮಾರು 1,400 ಎಳೆ, ಹೊಕ್ಕು 22. ಎರಡೂ ಹಾಳೆಗೆ ಒಂದೇ ಹಾಸು, ಕೊನೆಯ ವ್ಯರ್ಥವೂ ಸೇರಿ 4.25 ಮೀ. ಬಟ್ಟೆಯೊಳಗೆ ಉಳಿಯುವುದು ಸುಮಾರು 17.5 ಕಿ.ಮೀ. ನೂಲು, ಅದು 1.6 ಕೆ.ಜಿ. ತೂಗಬೇಕಾದರೆ ಗ್ರಾಮಿಗೆ 11 ಮೀಟರ್ ಬರುವ ಒಂಟಿ ಎಳೆ ಬೇಕು. ಖರೀದಿಗೆ 1.8 ಕೆ.ಜಿ. ಸಾಕು. ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಸರಿ, ಈ ಷರತ್ತಿಗೆ ಒರಟು. ತಿರುವಿನ ದಿಕ್ಕೂ ಮುಖ್ಯ: ಈಜಿಪ್ಟಿನ ನೂಲು ಹೆಚ್ಚಾಗಿ ಎಸ್ ತಿರುವು (ಎಳೆಯ ಓರೆ S ಅಕ್ಷರದ ನಡುಗೆರೆಯಂತೆ), ಯುರೋಪಿನದು ಜಡ್ (Z ಅಕ್ಷರದ ನಡುಗೆರೆಯಂತೆ). ಗಿರಣಿಯ ಒಂಟಿ ಎಳೆ ಸಾಮಾನ್ಯವಾಗಿ ಜಡ್. ಎಸ್ ಬೇಕೆಂದರೆ ತಕಲಿಯೇ ಗತಿ.

ಈಗ ಹಾಸಿನ ಎಳೆಗಳಿಗೆ ಗಂಜಿ ಹಾಕುವ ಹಂತ. ಒಂಟಿ ಉಣ್ಣೆ ಎಳೆ ಮಗ್ಗದ ಅಚ್ಚಿಗೆ (ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆ) ಉಜ್ಜಿ ಎಳೆಎಳೆ ನವಿರು ಎದ್ದು ಪಕ್ಕದ್ದಕ್ಕೆ ಅಂಟುತ್ತದೆ. ಹುಸಿ ಗಂಟುಗಳಾಗಿ, ಹೊಕ್ಕು ಹಾಯಲು ಹಾಸು ಬಾಯಿ ತೆರೆಯುವುದಿಲ್ಲ. ನಮ್ಮ ಕಂಬಳಿ ನೇಕಾರರ ಹುಣಸೆ ಬೀಜದ ಗಂಜಿ ಇದಕ್ಕೆ ಹೇಳಿ ಮಾಡಿಸಿದ್ದು. ತೆಳುವಾಗಿ ಸವರಿ, ಬಿಗಿಯಲ್ಲೇ ಒಣಗಿಸಬೇಕು. ದಪ್ಪವಾದರೆ ಎಳೆ ಬಾಗಿದಲ್ಲಿ ಮುರಿಯುತ್ತದೆ.

ಇನ್ನೊಂದು ತೊಂದರೆ ಅಂಚು ಒಳಸರಿಯುವುದು. ಹೊಕ್ಕನ್ನು ನೇರವಾಗಿ ಹಾಕಿ ಬಡಿದರೆ ಅದು ಹಾಸನ್ನು ಸುತ್ತಲು ಉದ್ದ ಸಾಲದೆ ಅಂಚನ್ನು ಎಳೆದುಕೊಳ್ಳುತ್ತದೆ, ಅಂಗಿ ಗಿಡ್ಡವಾಗುತ್ತದೆ. ಪ್ರತಿ ಹೊಕ್ಕನ್ನೂ ಕಮಾನಿನಂತೆ ಸಡಿಲ ಬಿಟ್ಟು ಬಡಿಯಬೇಕು. ಅಂಚಿನಲ್ಲಿ ಮೂರು ಕಡೆ ಹಾಸಿನ ಎಳೆಗಳನ್ನು ಕಟ್ಟುಕಟ್ಟಾಗಿ ಸೇರಿಸಿದರೆ ಅಂಚೇ ಗಟ್ಟಿಯಾಗಿ, ಕತ್ತಿನ ಸೀಳಿಗೆ ಬೇರೆ ಮಡಿಕೆ ಬೇಡ.

ಪಪೈರಸ್ಸಿನಲ್ಲಿ ಪಟ್ಟೆಯ ಮಾತಿಲ್ಲ. ನೇರಳೆ ಪಟ್ಟೆಗಳನ್ನು ಗುಹೆಯ ಮಾದರಿಯಿಂದ ತಂದಿದ್ದೇವೆ. ಹೊಕ್ಕು ಹಾಸನ್ನು ಪೂರ್ತಿ ಮುಚ್ಚುವುದರಿಂದ ಬಣ್ಣದ ಹೊಕ್ಕು ಹಾಕಿದರೆ ಸಾಕು. ಮಗ್ಗದ ಮೇಲಿನ ಕ್ರಮ: ಬಿಳಿ 67, ನೇರಳೆ 2.8, ಬಿಳಿ 33, ನೇರಳೆ 2.8, ಬಿಳಿ 67 ಸೆಂ.ಮೀ. ಪಟಿಕದಲ್ಲಿ (ಆಲಂ) ಕುದಿಸಿದ ಉಣ್ಣೆಗೆ ಮಂಜಿಷ್ಠ, ಆಮೇಲೆ ನೀಲಿ. ಕಡಲ ಚಿಪ್ಪಿನ ಅಸಲಿ ನೇರಳೆಗೆ ಬದಲಾಗಿ ಆ ಕಾಲದಲ್ಲೂ ಹೀಗೇ ಮಾಡುತ್ತಿದ್ದರು. ಮಂಜಿಷ್ಠ 70 ಡಿಗ್ರಿ ದಾಟಿದರೆ ಕಂದು ಹೊರಬಂದು ಬಣ್ಣ ಮಂಕಾಗುತ್ತದೆ.

ನೇಯ್ದ ಮೇಲೆ ಮೊದಲು ಗಂಜಿ ತೊಳೆದು, 40 ಡಿಗ್ರಿಯ ನೀರು ಮತ್ತು ಸೌಮ್ಯ ಸಾಬೂನಿನಲ್ಲಿ ತುಳಿಯಬೇಕು. ಕ್ಷಾರ ಹೆಚ್ಚಾದರೆ ಮಂಜಿಷ್ಠದ ಬಣ್ಣ ಬಿಳಿ ಭಾಗಕ್ಕೆ ಇಳಿಯುತ್ತದೆ. ಹಾಸು, ಹೊಕ್ಕು ಎರಡೂ ದಿಕ್ಕಿಗೆ ಸಮನಾಗಿ ಕುಗ್ಗುತ್ತದೆಂಬ ಭರವಸೆಯಿಲ್ಲ. ಆಗಾಗ ಅಳೆದು, 155×140ಕ್ಕೆ ಬಂದೊಡನೆ ನಿಲ್ಲಿಸಬೇಕು. ಭುಜದ ಎರಡು ಅಂಚು ಸುತ್ತುಹೊಲಿಗೆಯಲ್ಲಿ ಸೇರಿಸಿ, ಪಟ್ಟೆಗಳ ನಡುವಿನ 30 ಸೆಂ.ಮೀ. ಕತ್ತಿಗೆ ಬಿಡುವುದು, ಪಕ್ಕದ ಹೊಲಿಗೆಯಲ್ಲಿ ಮೇಲಿನ 25 ಸೆಂ.ಮೀ. ತೋಳಿಗೆ.