ಉಣ್ಣೆ ಜ್ವರ: ನಾಯಿ ಊಟ ಬಿಟ್ಟರೆ ಮೊದಲು ವಸಡು ನೋಡಿ

ಚಿತ್ರದುರ್ಗದ ಬಿಸಿಲಿಗೆ ನಾಯಿ ಮಂಕಾಗಿದೆ ಅಂತ ಎರಡು ದಿನ ಸುಮ್ಮನಿದ್ದುಬಿಡ್ತಾರೆ. ಹಾಗೆ ಕಾಯಬೇಡಿ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದರೆ, ಮೂಗಲ್ಲಿ ರಕ್ತ ಬಂದರೆ ಅವತ್ತೇ ಡಾಕ್ಟರ ಹತ್ತಿರ ಒಯ್ಯಿರಿ. ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರೋದು ಸಹಜ. 103 ದಾಟಿದರೆ ಜ್ವರವೇ ಇರಬಹುದು.

ಉಣ್ಣೆ ಕಚ್ಚಿದಾಗ ಬರುವ ಎರ್ಲಿಕಿಯಾ ರೋಗಾಣು ರಕ್ತದ ಬಿಳಿ ಕಣಗಳೊಳಗೆ ಸೇರುತ್ತೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿಯುತ್ತೆ. ಇದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ, ಕೆಜಿ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ, 28 ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಮೂರೇ ದಿನಕ್ಕೆ ನಾಯಿ ಅನ್ನ ತಿನ್ನತೊಡಗುತ್ತೆ, ಮಾತ್ರೆ ನಿಲ್ಲಿಸ್ತಾರೆ, ಜ್ವರ ಮರಳುತ್ತೆ. ಉಣ್ಣೆಯಿಂದಲೇ ಬರುವ ಇನ್ನೊಂದು ರೋಗಾಣು ಬೆಬೀಸಿಯಾ ಆದರೆ ಈ ಮಾತ್ರೆ ಒಂದೇ ಸಾಲದು, ಮೂತ್ರ ಕೆಂಪಗಾಗಿದ್ದರೆ ಅದೇ ಅನುಮಾನ. ರಕ್ತ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ಮಾತ್ರೆ ತರಬೇಡಿ. ಪ್ಯಾರಸಿಟಮಾಲ್ ಅಂತೂ ಬೇಡವೇ ಬೇಡ. ಬೆಕ್ಕಿಗೆ ಅದು ವಿಷ.

ಉಣ್ಣೆ ಕೀಳುವಾಗ ಸೀಮೆಎಣ್ಣೆ ಹಚ್ಚಬೇಡಿ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೀರಿ. ಉಬ್ಬಿದ ಹೆಣ್ಣು ಉಣ್ಣೆ ಉದುರಿ ಚಪ್ಪಡಿ ಕಲ್ಲಿನ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ, ಆದ್ದರಿಂದ ನಾಯಿಗೆ ಮಾತ್ರ ಔಷಧಿ ಹಾಕಿದರೆ ಆಗಲ್ಲ. ಗೋಡೆಯ ಬಿರುಕಿಗೂ ಸಿಂಪಡಿಸಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುವ ಔಷಧಿ ತರಲೇಬೇಡಿ.