ಸಿಂಗಾಪುರದ ಪ್ರಾನ್ ಮೀ ಹುಡುಕಾಟ: ಇಲ್ಲಿಯವರೆಗೆ

ಪ್ರಾನ್ ಮೀ ಅಂದರೆ ಸಿಗಡಿ ಸೂಪ್‌ನ ನೂಡಲ್ಸ್. ಹೋದ ಸಲ ಬರೆದಾಗ ಅದಕ್ಕಾಗಿ ಹೆಸರುವಾಸಿ ಅಂಗಡಿಗಳ ಹಿಂದೆ ಓಡಾಡುತ್ತಿದ್ದೆ. ಈಗ ಪ್ಲಾನ್ ಬದಲಾಗಿದೆ. ನಮ್ಮ ಬ್ಲಾಕ್‌ನಿಂದ ನಡೆದು ಹೋಗುವಷ್ಟು ದೂರದ ಹಾಕರ್ ಸೆಂಟರಿನಲ್ಲೇ (ಸಣ್ಣ ಸಣ್ಣ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಜಾಗ) ಒಂದು ಪ್ರಾನ್ ಮೀ ಅಂಗಡಿ ಇದೆ. ಅದನ್ನೇ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ನೂಡಲ್ಸ್ ಹಾಕಿಸಿಕೊಂಡು ತಿಂದು ನೋಡುವುದು, ನಡುವೆ ಹೊರಗಿನ ಒಂದೆರಡು ಬಟ್ಟಲು ತಿಂದು ಹೋಲಿಸುವುದು, ಇಷ್ಟೇ. ಊರೆಲ್ಲ ಸುತ್ತಿ ಅಂಗಡಿಗಳಿಗೆ ಮಾರ್ಕ್ಸ್ ಕೊಡುವುದಕ್ಕಿಂತ ಇದರಲ್ಲಿ ಮಜಾ ಜಾಸ್ತಿ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ದಕ್ಷಿಣ ಚೀನಾದ ಫುಜಿಯಾನ್ ಕಡೆಯ ಮೂಲದ ಹೊಕ್ಕಿಯನ್ ಚೀನೀಯರ ಅಡುಗೆ. ಹಳದಿ ಗೋಧಿ ನೂಡಲ್ಸ್ ಅಥವಾ ನಮ್ಮ ಒತ್ತುಶಾವಿಗೆಯನ್ನೇ ಇನ್ನೂ ತೆಳ್ಳಗೆ ಎಳೆದಂತಿರುವ ಅಕ್ಕಿಯ ಬೀಹೂನ್, ಬೇಕಾದರೆ ಎರಡೂ ಸೇರಿಸಿ. ಮೇಲೆ ಸಿಗಡಿ, ಹೆಸರುಕಾಳಿನ ಉದ್ದ ಮೊಳಕೆ, ಕಾಂಗ್‌ಕೊಂಗ್ ಸೊಪ್ಪು, ಹುರಿದ ಈರುಳ್ಳಿ, ಹಂದಿ ಮಾಂಸದ ಚೂರು. ಪಕ್ಕದಲ್ಲಿ ಸೋಯಾ ಸಾಸ್‌ನಲ್ಲಿ ಅದ್ದಿದ ಕೆಂಪು ಮೆಣಸಿನಕಾಯಿ. ಮಲೇಷ್ಯಾದ ಪೆನಾಂಗ್‌ನಲ್ಲಿ ಇಂಥದ್ದೇ ಬಟ್ಟಲನ್ನು ಹೊಕ್ಕಿಯನ್ ಮೀ ಅಂತಾರೆ. ಆದರೆ ಸಿಂಗಾಪುರದಲ್ಲಿ ಆ ಹೆಸರು ಹೇಳಿದರೆ ಬಾಣಲೆಯಲ್ಲಿ ಬಾಡಿಸಿದ ಬೇರೆಯೇ ತಟ್ಟೆ ಬರುತ್ತದೆ. ಹುಷಾರು.

ಇನ್ನೊಂದು, ಹಂದಿ ತಿನ್ನದವರು ಇದನ್ನು ಬರೀ ಸಿಗಡಿ ಸೂಪ್ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಸೂಪ್‌ನಲ್ಲೇ ಹಂದಿ ಮೂಳೆ ಇರುತ್ತದೆ. ಮೇಲಿನ ಮಾಂಸ ಬೇಡ ಅಂದರೆ ಸಾಲದು. ಹಲಾಲ್ ಬೋರ್ಡ್ ಇರುವ ಅಂಗಡಿ ಹುಡುಕಿ.

ಈಗ ವಿಷಯಕ್ಕೆ ಬರುತ್ತೇನೆ. ಈ ಬಟ್ಟಲಿನಲ್ಲಿ ನೋಡಬೇಕಾದದ್ದು ಸಿಗಡಿಯ ಗಾತ್ರ ಅಲ್ಲ, ಸೂಪ್. ನಮ್ಮ ಕರಾವಳಿ ಮನೆಗಳಲ್ಲಿ ಸಿಗಡಿ ಶುಚಿ ಮಾಡಿದರೆ ತಲೆ, ಸಿಪ್ಪೆ ಎಲ್ಲ ತೆಂಗಿನ ಬುಡಕ್ಕೆ ಹೋಗುತ್ತದೆ, ಅಲ್ವಾ? ಇಲ್ಲಿ ಅಡುಗೆ ಶುರುವಾಗುವುದೇ ಅದರಿಂದ. ತಲೆ ಮತ್ತು ಸಿಪ್ಪೆಯನ್ನು ಮೊದಲು ಎಣ್ಣೆ ಅಥವಾ ಹಂದಿ ಕೊಬ್ಬಿನಲ್ಲಿ ಘಮ ಬರುವವರೆಗೆ ಹುರಿಯುತ್ತಾರೆ. ಸಿಪ್ಪೆಯ ಆ ಕೆಂಪು ಬಣ್ಣ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಿ ಅಲ್ಲ. ಹುರಿಯದೆ ನೇರ ನೀರಿಗೆ ಹಾಕಿದರೆ ಸೂಪ್ ಪೇಲವವಾಗಿ ಉಳಿಯುತ್ತದೆ, ವಾಸನೆಯೂ ಹಸಿ ಹಸಿ. ಆಮೇಲೆ ನೀರು, ಹಂದಿ ಮೂಳೆ, ಚೂರು ಕಲ್ಲುಸಕ್ಕರೆ ಬಿದ್ದು ಗಂಟೆಗಟ್ಟಲೆ ಕುದಿಯುತ್ತದೆ. ತಲೆಯೊಳಗಿನ ಕಿತ್ತಳೆ ಬಣ್ಣದ ತಿರುಳು ಇಷ್ಟಿಷ್ಟೇ ಬಿಟ್ಟುಕೊಂಡು ಸೂಪ್‌ಗೆ ಮೈ ಬರುವುದು ಆಗಲೇ.

ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋದರೆ ಸೂಪ್ ತಿಳಿ. ಸಿಹಿ ಮುಂದೆ, ಉಪ್ಪು ಹಿಂದೆ. ಹನ್ನೊಂದರ ಹೊತ್ತಿಗೆ ಅದೇ ಪಾತ್ರೆಯಲ್ಲಿ ಗಿರಾಕಿಗಳ ಸಿಗಡಿ ಒಂದರ ಹಿಂದೆ ಒಂದು ಬೆಂದು ಹೋಗಿರುತ್ತದೆ, ಮೂಳೆಯೂ ಇನ್ನಷ್ಟು ಬಿಟ್ಟಿರುತ್ತದೆ, ತುಟಿ ಅಂಟುವಷ್ಟು ದಪ್ಪ. ಮಧ್ಯಾಹ್ನ ಮುಚ್ಚುವ ಮೊದಲು ಹೋದರೆ ಉಪ್ಪೋ ಉಪ್ಪು, ಬಾಯಾರಿಕೆ ಗ್ಯಾರಂಟಿ. ಅಂಗಡಿ ಅಂಕಲ್‌ಗೆ ಇದನ್ನು ದೊಡ್ಡ ಸಂಶೋಧನೆ ಎಂಬಂತೆ ಹೇಳಿದೆ. ಅವರು ಸೌಟು ಕೆಳಗಿಡದೆ, "ಪಾತ್ರೆ ಅದೇ, ನೀವು ಬಂದದ್ದು ಲೇಟು" ಅಂದರು. ನನ್ನ ಆಯ್ಕೆ ಹನ್ನೊಂದು ಗಂಟೆಯದು. ಪಕ್ಕದ ಬ್ಲಾಕಿನ ಆಂಟಿಗೆ ಬೆಳಗಿನ ತಿಳಿ ಸೂಪೇ ಬೇಕು, ಉಳಿದದ್ದೆಲ್ಲ ಹಳಸಲು ಅನ್ನುತ್ತಾರೆ. ವಾದ ಮಾಡಿ ಪ್ರಯೋಜನ ಇಲ್ಲ.

ನೂಡಲ್ಸ್ ವಿಚಾರ ಬೇಗ ಮುಗಿಯಿತು. ಹಳದಿ ನೂಡಲ್ಸ್ ಒಂದನ್ನೇ ಹಾಕಿಸಿಕೊಂಡರೆ ಅದರ ಕ್ಷಾರದ ವಾಸನೆ ಸೂಪ್‌ಗೆ ಇಳಿಯುತ್ತದೆ. ಬೀಹೂನ್ ಒಂದನ್ನೇ ಹಾಕಿಸಿದರೆ ಅದು ಸೂಪನ್ನೆಲ್ಲ ಕುಡಿದುಬಿಡುತ್ತದೆ. ಅರ್ಧ ಅರ್ಧ ಸರಿ.

ಹೋಲಿಸುವುದಕ್ಕೆ ಟೆಕ್ಕಾ ಸೆಂಟರಿಗೂ ಹೋಗಿದ್ದೆ. ಲಿಟ್ಲ್ ಇಂಡಿಯಾದಲ್ಲಿ ನುಗ್ಗೆಕಾಯಿ, ಕರಿಬೇವು ತರಲು ಹೋಗುವ ನಮ್ಮವರು 545 ವಾಂಪೋ ಪ್ರಾನ್ ನೂಡಲ್ಸ್ ಅಂಗಡಿಯ ಮುಂದೆಯೇ ಎಷ್ಟು ಸಲ ಹಾದು ಹೋಗಿರುತ್ತೇವೋ! ಹೆಸರಿನಲ್ಲಿ ವಾಂಪೋ ಅನ್ನುವ ಬೇರೆ ಬಡಾವಣೆ, ಅಂಗಡಿ ಮಾತ್ರ ಟೆಕ್ಕಾದಲ್ಲಿ. ಅಲ್ಲಿ ಡ್ರೈ ತಗೊಳ್ಳಿ. ಮೆಣಸಿನ ಸಾಸ್‌ನಲ್ಲಿ ಕಲಸಿದ ನೂಡಲ್ಸ್ ಒಂದು ಕಡೆ, ಸೂಪ್ ಬೇರೆ ಬಟ್ಟಲಿನಲ್ಲಿ. ಸೂಪ್ ಬೇರೆ ಬಂದರೆ ಅದರ ಬಂಡವಾಳ ಬಯಲಾಗುತ್ತದೆ, ಮುಚ್ಚಿಡಲು ಖಾರವೂ ಇಲ್ಲ, ಈರುಳ್ಳಿಯೂ ಇಲ್ಲ. ಹಾಗಾಗಿ ಈಗ ಎಲ್ಲೇ ಹೊಸ ಅಂಗಡಿಗೆ ಹೋದರೂ ಮೊದಲ ಸಲ ಡ್ರೈ ಹೇಳುತ್ತೇನೆ.

ಮನೆಯಲ್ಲೂ ಒಂದು ಸಣ್ಣ ಪ್ರಯೋಗ ನಡೆಯಿತು. ಫ್ರೀಜರಿನಲ್ಲಿ ಕೂಡಿಟ್ಟ ತಲೆಗಳನ್ನು ಹುರಿದು, ಹಂದಿ ಬದಲು ಕೋಳಿ ಮೂಳೆ ಹಾಕಿ, ಒಂದು ಹಿಡಿ ಒಣ ಸಿಗಡಿ ಸೇರಿಸಿ ಕುದಿಸಿದೆ. ಬಣ್ಣ ಬಂತು, ಘಮ ಬಂತು, ಅಂಟು ಬರಲಿಲ್ಲ. ಕೋಳಿ ಕಾಲು ಸೇರಿಸಿದರೆ ಬರಬಹುದು. ಒಣ ಸಿಗಡಿಯಲ್ಲಿ ಉಳಿದದ್ದು ಕಾಯಿ ಹಾಕಿ ಚಟ್ನಿ ಆಯ್ತು, ಅದರ ಬಗ್ಗೆ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಫ್ಲಾಟಿನ ವಾಸನೆ ಬಗ್ಗೆ ತೆಗೆದರು.

ಯಾರಾದರೂ ತಿನ್ನಲು ಬರುವುದಿದ್ದರೆ ಸುಮ್ನೆ ಎರಡು ಸೂಚನೆ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಬೇರೆಯವರದು. ತಿಂದ ಮೇಲೆ ಟ್ರೇಯನ್ನು ನೀವೇ ವಾಪಸ್ ಇಡಬೇಕು, 2021ರಿಂದ ಅದು ಕಾನೂನು. ಬೀದಿ ವ್ಯಾಪಾರಿಗಳಿಗಾಗಿ ಸರಕಾರ 1971ರಿಂದ 1986ರವರೆಗೆ ಕಟ್ಟಿಸಿದ ಈ ಸೆಂಟರ್‌ಗಳಿಗೆ, ಅಂದರೆ ಅಲ್ಲಿನ ಹಾಕರ್ ಸಂಸ್ಕೃತಿಗೆ, 2020ರಲ್ಲಿ ಯುನೆಸ್ಕೋ ಮಾನ್ಯತೆಯೂ ಸಿಕ್ಕಿತು. ನಮ್ಮ ಅಂಗಡಿಯಲ್ಲಿ ಅದಕ್ಕಾಗಿ ಯಾರೂ ಫೋಟೊ ಗೀಟೊ ಹಾಕಿಕೊಂಡಿಲ್ಲ.

ಮುಂದಿನ ಕೆಲಸ: ಹಂದಿ ಪಕ್ಕೆಲುಬು ಹಾಕಿದ ಬಟ್ಟಲು, ಆಮೇಲೆ ಬೀಚ್ ರೋಡಿನ ಬ್ಲ್ಯಾಂಕೋ ಕೋರ್ಟ್ ಪ್ರಾನ್ ಮೀ. ಜೊತೆಗೆ ಬರುವವರು ಹೇಳಿ, ಶನಿವಾರ ಆಗಬಹುದು, ಆದರೆ ಹನ್ನೊಂದಕ್ಕೇ ಹೋಗೋಣ.